ಸೈಕಲ್ ಗ್ಯಾಪಿನಲ್ಲಿ ಸಂದರ್ಶನ

ಸೈಕಲ್ ಮೇಲಿನ ಮಾತುಕತೆ ಎಂದರೆ ಸ್ಟುಡಿಯೊ, ಸೋಫಾ, ಎದುರುಬದುರು ಕುರ್ಚಿ ಯಾವುದೂ ಇಲ್ಲದ ಸಂದರ್ಶನ. ಅದಕ್ಕೆ ಬೇಕಾದದ್ದು ಇಬ್ಬರು ಕೂಡಿ ತುಳಿಯುವ ಒಂದು ಜೋಡಿ ಸೈಕಲ್ಲು. ಅಂಗಡಿಯವರ ಬಾಯಲ್ಲಿ ಅದು ಟ್ಯಾಂಡೆಮ್. ಮುಂದಿನ ಸೀಟಿನಲ್ಲಿ ನಿರೂಪಕ, ಹಿಂದಿನದರಲ್ಲಿ ಅತಿಥಿ: ಹವ್ಯಾಸಿ ರಂಗಭೂಮಿಯ ನಟಿ, ಮೊದಲ ಸಿನಿಮಾ ಮುಗಿಸಿ ಬಿಡುಗಡೆಗೆ ಒದ್ದಾಡುತ್ತಿರುವ ನಿರ್ದೇಶಕ, ಗೋಡೆಗಳ ಮೇಲೆ ಚಿತ್ರ ಬರೆಯುವ ಕಲಾವಿದ, ಹೀಗೆ ಯಾರಾದರೂ. ಹ್ಯಾಂಡಲಿಗೆ ಬಿಗಿದ ಅಂಗೈ ಗಾತ್ರದ ಕ್ಯಾಮೆರಾ, ಅಂಗಿಯೊಳಗೆ ಅಡಗಿಸಿದ ಮೈಕು. ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಹೊರಟು ಗಾಂಧಿಬಜಾರಿನಲ್ಲಿ ಕಾಫಿ ಕುಡಿಯುವ ಹೊತ್ತಿಗೆ ಒಂದು ಕಂತಿಗೆ ಸಾಕಾಗುವಷ್ಟು ಮಾತು ಸಿಕ್ಕಿರುತ್ತದೆ. ಕತ್ತರಿಸಿ ಜೋಡಿಸಿದ ಮೇಲೆ ಅದು ಹದಿನೈದು ಇಪ್ಪತ್ತು ನಿಮಿಷದ ಇಂಟರ್ನೆಟ್ ವಿಡಿಯೊ.

ಓಡುವ ವಾಹನದಲ್ಲಿ ಅತಿಥಿಯನ್ನು ಮಾತಾಡಿಸುವುದು ಹೊಸ ಉಪಾಯವೇನಲ್ಲ. ಬ್ರಿಟನ್ನಿನ ನಟ ರಾಬರ್ಟ್ ಲೆವೆಲಿನ್ 2009ರಲ್ಲಿ ಪರಿಚಿತರಿಗೆ ತನ್ನ ಕಾರಿನಲ್ಲಿ ಡ್ರಾಪ್ ಕೊಡುತ್ತಾ ‘ಕಾರ್‌ಪೂಲ್’ ಎಂಬ ಇಂಟರ್ನೆಟ್ ಸರಣಿ ನಡೆಸಿದರು. ಅಮೆರಿಕದ ಜೆರ್ರಿ ಸೈನ್‌ಫೆಲ್ಡ್ 2012ರಲ್ಲಿ ಹಾಸ್ಯಗಾರರನ್ನು ಹಳೆಯ ಕಾರುಗಳಲ್ಲಿ ಕೂರಿಸಿಕೊಂಡು ಕಾಫಿಗೆ ಕರೆದೊಯ್ಯತೊಡಗಿದರು. 2015ರಲ್ಲಿ ಜೇಮ್ಸ್ ಕಾರ್ಡನ್ ಗಾಯಕರ ಜೊತೆ ಕಾರಿನಲ್ಲೇ ಹಾಡುತ್ತಾ ಹೊರಟರು. ಆದರೆ ಕಾರಿಗೆ ಗಾಜಿದೆ. ಗಾಜು ಏರಿಸಿದರೆ ಊರು ಹೊರಗೇ ಉಳಿಯುತ್ತದೆ, ಒಳಗಿರುವುದು ಸಣ್ಣದೊಂದು ಸ್ಟುಡಿಯೊ. ಸೈಕಲ್ಲಿನಲ್ಲಿ ಆ ಅನುಕೂಲವೂ ಇಲ್ಲ, ಆ ತೊಡಕೂ ಇಲ್ಲ.

ಕನ್ನಡ ನಾಡಿನಲ್ಲಿ ಸೈಕಲ್ಲಿಗೂ ಪ್ರದರ್ಶನಕ್ಕೂ ಹಳೆಯ ನಂಟಿದೆ. ಊರಿನ ಮೈದಾನದಲ್ಲಿ ಕಂಬ ನೆಟ್ಟು, ಸುತ್ತ ಹಗ್ಗ ಕಟ್ಟಿ, ಮೈಕ್ ಸೆಟ್ ಹಾಕಿಸಿ ದಿನಗಟ್ಟಲೆ ಕಾಲು ನೆಲಕ್ಕೂರದೆ ಸುತ್ತುತ್ತಿದ್ದ ‘ನಾನ್‌ಸ್ಟಾಪ್ ಸೈಕಲ್’ ಆಟಗಾರನನ್ನು ಐವತ್ತು ದಾಟಿದವರು ಯಾರೂ ಮರೆತಿರಲಾರರು. ಸ್ನಾನ, ಊಟ, ಕ್ಷೌರ ಎಲ್ಲವೂ ಸೈಕಲ್ ಮೇಲೆಯೇ. ನಡುನಡುವೆ ರೆಕಾರ್ಡ್ ಡ್ಯಾನ್ಸ್, ಎದೆಯ ಮೇಲೆ ಟ್ಯೂಬ್‌ಲೈಟ್ ಒಡೆಯುವ ಸಾಹಸ, ಕೊನೆಯ ದಿನ ನೋಟಿನ ಹಾರ. ಮೈಕಿನಲ್ಲಿ ಪ್ರೇಕ್ಷಕರೊಡನೆ ಮಾತು ಮಾತ್ರ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಸೈಕಲ್ ಟಾಕ್ ಶೋಗೆ ವಂಶವೃಕ್ಷ ಬರೆಯುವುದಾದರೆ ಅಮೆರಿಕದ ಕಾರಿಗಿಂತ ಮೊದಲು ಈ ಆಟಗಾರನ ಹೆಸರು ಬರಬೇಕು.

ಈ ಬಗೆಯ ಕಾರ್ಯಕ್ರಮಕ್ಕೆ ಹಳೆಯ ಬೆಂಗಳೂರಿನ ಬಡಾವಣೆಗಳು ಒಗ್ಗುವುದಕ್ಕೆ ಅವು ಹುಟ್ಟಿದ ಕಾಲವೇ ಕಾರಣ. ಚಾಮರಾಜಪೇಟೆ ತಲೆಯೆತ್ತಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳ ನಕ್ಷೆಯೂ ಅದೇ ದಶಕದ್ದು. 1898ರ ಪ್ಲೇಗು ಕೋಟೆ–ಪೇಟೆಯ ಇಕ್ಕಟ್ಟಿನಿಂದ ಜನರನ್ನು ಈ ಹೊಸ ಬಡಾವಣೆಗಳಿಗೆ ದಬ್ಬಿತು. ಮೋಟಾರು ಊರಿಗೆ ಬರುವ ಮೊದಲೇ ಎಳೆದ ಗೆರೆಗಳಾದ್ದರಿಂದ ಗುಡಿ, ಮಾರುಕಟ್ಟೆ, ಶಾಲೆ, ಸಭಾಭವನ ಎಲ್ಲವೂ ಕಾಲ್ನಡಿಗೆಯ ಅಳತೆಯಲ್ಲಿವೆ. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು. ಅದು ಸ್ಥಾಪನೆಯಾದದ್ದು 1915ರಲ್ಲಿ. ಕೆ.ಆರ್. ರಸ್ತೆಯಲ್ಲಿ 1905ರಷ್ಟು ಹಳೆಯ ಬೆಂಗಳೂರು ಗಾಯನ ಸಮಾಜ. ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಎರಡೂ 1945ರವು. ಹನುಮಂತನಗರದಲ್ಲಿ ನಾಟಕಗಳ ಕೆ.ಎಚ್. ಕಲಾಸೌಧ. ಬನಶಂಕರಿಯ ಕಡೆ ತಿರುಗಿದರೆ 1971ರಲ್ಲಿ ಶುರುವಾದ ಸುಚಿತ್ರಾ ಫಿಲ್ಮ್ ಸೊಸೈಟಿ. ಇವುಗಳಲ್ಲಿ ಯಾವುದರಿಂದ ಯಾವುದಕ್ಕೆ ಹೋದರೂ ಸೈಕಲ್ಲಿಗೆ ಅರ್ಧ ಗಂಟೆ ಹಿಡಿಯುವುದಿಲ್ಲ.

ನಡೆಯುತ್ತಾ ಮಾತಾಡುವ ಅಭ್ಯಾಸವೂ ಇಲ್ಲಿ ಮೊದಲಿನಿಂದ ಇದೆ. ಕೋಟು, ರುಮಾಲು, ಕೈಯಲ್ಲೊಂದು ಕೊಡೆಯೊಡನೆ ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಸಂಜೆ ನಡೆದುಹೋಗುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಈ ರಸ್ತೆಗಳ ನೆನಪಿನ ಭಾಗವೇ ಆಗಿಹೋಗಿದ್ದಾರೆ. ಕೆ.ಎಸ್. ನಿಸಾರ್ ಅಹಮದ್ 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದೇ ಹೆಸರಿಟ್ಟರು. ಮನಸ್ಸನ್ನೇ ಬಜಾರಿಗೆ ಹೋಲಿಸಬಹುದಾದ ಊರಿನಲ್ಲಿ ಮಾತಿಗೆ ರಸ್ತೆಯ ಆಸರೆ ಸಿಕ್ಕೇ ಸಿಗುತ್ತದೆ.

ಇನ್ನು ಸೈಕಲ್ಲಿನ ವಿಚಾರ. ಸಾಮಾನ್ಯ ಸೈಕಲ್ಲು ಆರಡಿ ಉದ್ದವಿದ್ದರೆ ಟ್ಯಾಂಡೆಮ್ ಎಂಟಡಿಯ ಆಸುಪಾಸು. ಕಬ್ಬಿಣದ ಚೌಕಟ್ಟಿನದಾದರೆ ತೂಕ ಹದಿನೆಂಟು ಇಪ್ಪತ್ತು ಕಿಲೊ. ಹ್ಯಾಂಡಲ್, ಬ್ರೇಕು, ಗೇರು ಮೂರೂ ಮುಂದಿನವರ ಕೈಯಲ್ಲಿ. ಹಿಂದೆಯೂ ಒಂದು ಹ್ಯಾಂಡಲ್ ಇರುತ್ತದೆ, ಆದರೆ ಅದು ಹಿಡಿದುಕೊಳ್ಳಲಿಕ್ಕಷ್ಟೆ, ತಿರುಗುವುದಿಲ್ಲ. ಸೈಕಲ್ಲಿನವರು ಮುಂದಿನವರನ್ನು ಕ್ಯಾಪ್ಟನ್ ಎನ್ನುತ್ತಾರೆ, ಹಿಂದಿನವರನ್ನು ಸ್ಟೋಕರ್, ಅಂದರೆ ಉಗಿಬಂಡಿಗೆ ಕಲ್ಲಿದ್ದಲು ಹಾಕುವವನು ಎನ್ನುತ್ತಾರೆ. ಎಡಗಡೆ ಇನ್ನೊಂದು ಚೈನು ಎರಡೂ ಜೋಡಿ ಪೆಡಲುಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತದೆ. ಆದ್ದರಿಂದ ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು. ಒಬ್ಬರು ನಿಲ್ಲಿಸಿದರೆ ಇಬ್ಬರೂ ನಿಂತಂತೆ.

ಹಳೆಯ ‘ಡಬಲ್ ರೈಡಿಂಗ್’ಗೂ ಇದಕ್ಕೂ ಇರುವ ಅಂತರ ಇದೇ. ಕ್ಯಾರಿಯರ್ ಮೇಲೆ ಕೂತವರು ಬರಿಯ ಹೊರೆ. ಅಂಥ ಸವಾರಿಗೆ ಪೊಲೀಸರ ಹೆದರಿಕೆಯೂ ಇತ್ತು. ಸೈಕಲ್ಲಿಗೆ ವರ್ಷವರ್ಷ ಬಿಲ್ಲೆ ಮಾಡಿಸಬೇಕಿದ್ದ, ರಾತ್ರಿ ದೀಪವಿಲ್ಲದಿದ್ದರೆ ಹಿಡಿದು ಗಾಳಿ ಬಿಡುತ್ತಿದ್ದ ಕಾಲ ಅದು. ಟ್ಯಾಂಡೆಮ್ಮಿನಲ್ಲಿ ಅತಿಥಿಗೂ ಪಾಲು ಕೆಲಸವಿದೆ. ಆ ಕೆಲಸವೇ ಸಂಕೋಚವನ್ನು ಅರ್ಧಕ್ಕಿಳಿಸುತ್ತದೆ. ಕ್ಯಾಮೆರಾದ ಎದುರು ಕೈ ಎಲ್ಲಿಡಬೇಕು, ಕಾಲು ಹೇಗೆ ಮಡಿಸಬೇಕು ಎಂದು ತಡವರಿಸುವವರಿಗೆ ಇಲ್ಲಿ ಆ ಯೋಚನೆಗೆ ಪುರುಸೊತ್ತೇ ಇಲ್ಲ.

ಹೊರಡುವ ಗಳಿಗೆ ಮಾತ್ರ ಕಷ್ಟದ್ದು. ನಿರೂಪಕ ಕಾಲಗಲಿಸಿ ನಿಂತು ಎರಡೂ ಬ್ರೇಕು ಬಿಗಿಯಾಗಿ ಹಿಡಿಯುತ್ತಾನೆ. ಕಾಲು ಹತ್ತಿರವಿದ್ದರೆ ಅತಿಥಿ ಹಿಂದಿನಿಂದ ತಿರುಗಿಸಿದ ಪೆಡಲು ಮೊಣಕಾಲಿನ ಕೆಳಗೆ ಬಡಿಯುವುದು ಖಂಡಿತ. “ಹತ್ತಿ ಸಾರ್, ಎರಡೂ ಕಾಲು ಮೇಲಿಡಿ, ನಾನು ಹಿಡ್ಕೊಂಡಿದೀನಿ.” ಹತ್ತುವವರಿಗೆ ನಂಬಿಕೆ ಬರುವುದಿಲ್ಲ, ಒಂದು ಕಾಲು ಪೆಡಲಿನ ಮೇಲಿದ್ದರೂ ಇನ್ನೊಂದರ ಹೆಬ್ಬೆರಳು ನೆಲ ತಡಕುತ್ತಿರುತ್ತದೆ. ಸೈಕಲ್ಲು ವಾಲುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಎರಡನೆಯ ಸಲಕ್ಕೆ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲಕ್ಕೆ ತಂದುಕೊಂಡು “ಒನ್, ಟೂ, ತ್ರೀ” ಅಂದಾಗ ಇಬ್ಬರೂ ಒಟ್ಟಿಗೆ ಒತ್ತುತ್ತಾರೆ. ಮೊದಲ ಹತ್ತು ಗಜ ಹಾವಿನಂತೆ ಓಲಾಡಿ ಆಮೇಲೆ ದಾರಿಗೆ ಬರುತ್ತದೆ. ಸೀರೆ ಉಟ್ಟವರಿಗೆ ಹಿಂದಿನ ಚೌಕಟ್ಟು ಲೇಡೀಸ್ ಸೈಕಲ್ಲಿನಂತೆ ತಗ್ಗಾಗಿರುವ ಟ್ಯಾಂಡೆಮ್ಮೇ ಬೇಕು, ಚಕ್ರಕ್ಕೂ ಚೈನಿಗೂ ಮರೆ ಇರಬೇಕು. ಶೂಟಿಂಗ್ ದಿನ ಇದು ನೆನಪಾದರೆ ಪ್ರಯೋಜನವಿಲ್ಲ. ಅತಿಥಿಯನ್ನು ಕರೆಯುವಾಗಲೇ ಉಡುಪಿನ ವಿಚಾರ ಹೇಳುವುದು ವಾಸಿ. ಕ್ಯಾಮೆರಾ ಹಚ್ಚುವ ಮೊದಲು ಖಾಲಿ ರಸ್ತೆಯಲ್ಲಿ ಒಂದೆರಡು ಸುತ್ತು ಹಾಕಿಸುವುದೂ ಅಷ್ಟೇ ಮುಖ್ಯ.

ಕೂರುವ ಕ್ರಮದಿಂದ ಮಾತಿನ ಧಾಟಿಯೇ ಬದಲಾಗುತ್ತದೆ. ಕನ್ನಡ ಟಿ.ವಿ.ಯಲ್ಲಿ 2014ರಲ್ಲಿ ಆರಂಭವಾದ ‘ವೀಕೆಂಡ್ ವಿತ್ ರಮೇಶ್’ ಕಾರ್ಯಕ್ರಮದ ಕೆಂಪು ಸೀಟು ಈಗ ಮನೆಮಾತು. ಅಲ್ಲಿ ಸಾಧಕರು ಕೂರುತ್ತಾರೆ, ಬದುಕು ಅವರ ಮುಂದೆ ಬಂದು ನಿಲ್ಲುತ್ತದೆ, ಎಲ್ಲ ಬೆಳಕೂ ಅವರ ಮುಖದ ಮೇಲೆ. ಸೈಕಲ್ಲಿನ ಸೀಟು ಅಂಗೈ ಅಗಲದ್ದು. ಅದರ ಮೇಲೆ ಕೂತ ಅತಿಥಿಗೆ ಕಾಣುವುದು ನಿರೂಪಕನ ಬೆನ್ನು, ಅದರಾಚೆಗಿನ ರಸ್ತೆ. ನಿರೂಪಕನಿಗಂತೂ ಅತಿಥಿ ಕಾಣುವುದೇ ಇಲ್ಲ. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರೊಡನೆ, ಕಟ್ಟೆಯ ಮೇಲೆ ಸಾಲಾಗಿ ಕೂತವರೊಡನೆ ಸಲೀಸಾಗಿ ಹೊರಬರುವ ಸಂಗತಿ ಮುಖಾಮುಖಿ ಕೂತಾಗ ಗಂಟಲಲ್ಲೇ ಉಳಿಯುವುದನ್ನು ಎಲ್ಲರೂ ಬಲ್ಲರು. ಸೈಕಲ್ ಸಂದರ್ಶನದ ಬಲವೆಲ್ಲ ಇಲ್ಲಿದೆ. ಪ್ರಶ್ನೆ ಮುಗಿದ ಮೇಲೆ ನಾಲ್ಕು ಮನೆ ದಾಟುವಷ್ಟು ಹೊತ್ತು ಮೌನವಿದ್ದರೂ ಅದು ಕೊರತೆ ಎನಿಸುವುದಿಲ್ಲ. ಪೆಡಲು ತಿರುಗುತ್ತಲೇ ಇರುತ್ತದೆ. ಸ್ಟುಡಿಯೊದಲ್ಲಿ ಅಷ್ಟು ಹೊತ್ತು ಸುಮ್ಮನಿದ್ದರೆ ನಿರೂಪಕ ಗಾಬರಿಯಾಗಿ ಮುಂದಿನ ಪ್ರಶ್ನೆಗೆ ಹಾರುತ್ತಾನೆ.

ದಾರಿಯೂ ಪ್ರಶ್ನೆ ಕೇಳುತ್ತದೆ. ಹಳೆಯ ಚಿತ್ರಮಂದಿರವಿದ್ದ ಜಾಗ, ಹುಡುಗನಾಗಿದ್ದಾಗ ಗೆಜ್ಜೆ ಕಟ್ಟಿದ ಸಭಾಂಗಣ, ಬಾಡಿಗೆ ಸೈಕಲ್ ಕೊಡುತ್ತಿದ್ದ ಅಂಗಡಿ ಎದುರಾದಾಗ ಅತಿಥಿ ತಾನಾಗಿಯೇ ಶುರುಮಾಡುತ್ತಾರೆ. ಒಳ್ಳೆಯ ನಿರೂಪಕ ಪ್ರಶ್ನೆಗಳಿಗಿಂತ ಹೆಚ್ಚಾಗಿ ದಾರಿಯನ್ನು ಸಿದ್ಧಮಾಡಿಕೊಂಡು ಬರುತ್ತಾನೆ. ಕಾಗದ ನೋಡಿ ಓದಲು ಅವನಿಗೆ ಕೈ ಬಿಡುವಿಲ್ಲ, ಉದ್ದುದ್ದ ಪೀಠಿಕೆಗೆ ಉಸಿರು ಸಾಲದು. ಕನ್ನಡದ ಸಂದರ್ಶಕರಿಗೆ ಅಂಟಿಕೊಂಡಿರುವ ಆ ಎರಡು ನಿಮಿಷದ ಪ್ರಶ್ನೆ ಎಂಬ ರೋಗಕ್ಕೆ ಸೈಕಲ್ಲಿಗಿಂತ ಒಳ್ಳೆಯ ಮದ್ದಿಲ್ಲ.

ಒಂದು ತಾಪತ್ರಯವಿದೆ. ಹಿಂದಿನವರಿಗೆ ರಸ್ತೆಯ ಗುಂಡಿ ಕಾಣದಾದ್ದರಿಂದ ಮುಂದಿನವರು ಕೂಗಿ ಹೇಳಲೇಬೇಕು. ಹೇಳದಿದ್ದರೆ ಸೀಟಿನ ಪೆಟ್ಟು ನೇರ ಬೆನ್ನುಮೂಳೆಗೆ. ನಟಿಯೊಬ್ಬರು ರಂಗದ ಮೇಲೆ ಮೊದಲ ಸಲ ಮಾತು ಮರೆತ ರಾತ್ರಿಯನ್ನು ತಗ್ಗಿದ ದನಿಯಲ್ಲಿ ಹೇಳುತ್ತಿರುತ್ತಾರೆ. ಮುಂದಿನಿಂದ “ಹಂಪ್!” ಎಂಬ ಕೂಗು. ಇಬ್ಬರೂ ಸೀಟಿನಿಂದ ಅರ್ಧ ಎದ್ದು, ದಡ್ ಎಂದು ದಾಟಿ, ಮತ್ತೆ ಕೂತು “ಹಾಂ, ಹೇಳಿ ಮೇಡಂ” ಎನ್ನುವಷ್ಟರಲ್ಲಿ ಅವರಿಗೆ ನಗು ಬಂದಿರುತ್ತದೆ. ಆ ನಗುವಿನ ನಂತರ ಬರುವ ಮಾತು ಮೊದಲಿನದಕ್ಕಿಂತ ನಿಜವಾಗಿರುವುದೂ ಉಂಟು. ಎಡಿಟಿಂಗ್ ಮೇಜಿನಲ್ಲಿ ಹಂಪನ್ನು ಕತ್ತರಿಸುವವರಿಗೆ ಈ ಕಾರ್ಯಕ್ರಮ ಅರ್ಥವಾಗಿಲ್ಲ ಎಂದೇ ಹೇಳಬೇಕು.

ವೇಗ, ಏರು, ಉಸಿರು ಈ ಮೂರರ ಲೆಕ್ಕ ತಪ್ಪಿದರೆ ಸಂದರ್ಶನ ಏದುಸಿರಾಗುತ್ತದೆ. ವ್ಯಾಯಾಮದ ತಜ್ಞರು ಶ್ರಮವನ್ನು ಅಳೆಯಲು ‘ಮಾತಿನ ಪರೀಕ್ಷೆ’ ಎಂಬ ಸರಳ ಉಪಾಯ ಬಳಸುತ್ತಾರೆ. ತಡೆಯಿಲ್ಲದೆ ಪೂರ್ತಿ ವಾಕ್ಯ ಆಡಬಲ್ಲವರ ಶ್ರಮ ಮಿತದ್ದು, ಎರಡು ಮೂರು ಪದಕ್ಕೊಮ್ಮೆ ಉಸಿರೆಳೆಯುವವರ ಶ್ರಮ ಮಿತಿ ದಾಟಿದ್ದು. ಸೈಕಲ್ ಮತ್ತು ಇಬ್ಬರು ಸವಾರರು ಸೇರಿ 160 ಕಿಲೊ ಎಂದಿಟ್ಟುಕೊಂಡರೆ, ಗಂಟೆಗೆ ಹತ್ತು ಕಿಲೊಮೀಟರಿನಂತೆ ಸಮತಟ್ಟು ರಸ್ತೆಯಲ್ಲಿ ಸಾಗಲು ಇಬ್ಬರಿಂದ ಸೇರಿ ಸುಮಾರು 35 ವಾಟ್ ಶಕ್ತಿ ಸಾಕು. ನೂರು ಅಡಿಗೆ ಮೂರಡಿ ಏರುವ ರಸ್ತೆಯಲ್ಲಿ ಅದೇ ವೇಗಕ್ಕೆ 150 ವಾಟ್ ಮೀರುತ್ತದೆ. ಅಂದರೆ ಒಬ್ಬೊಬ್ಬರೂ ಒಂದು ಹಳೆಯ ಸೀಲಿಂಗ್ ಫ್ಯಾನ್ ತಿರುಗಿಸುತ್ತಾ ತಮ್ಮ ಕಲೆಯ ಬಗ್ಗೆ ಮಾತಾಡಬೇಕು. ರಾಮಕೃಷ್ಣ ಆಶ್ರಮದ ಸರ್ಕಲ್ಲಿನಿಂದ ದೊಡ್ಡ ಬಸವಣ್ಣನ ಗುಡಿಯ ಕಡೆಗೆ ಬುಲ್ ಟೆಂಪಲ್ ರಸ್ತೆ ಏರುತ್ತಾ ಹೋಗುತ್ತದೆ. ಕಾರಿನವರಿಗೆ ಗೊತ್ತೇ ಆಗದ ಏರು ಟ್ಯಾಂಡೆಮ್ಮಿನವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ದೊಡ್ಡ ಪ್ರಶ್ನೆಗಳನ್ನು ಸಮತಟ್ಟಿಗೆ ಇಟ್ಟುಕೊಂಡು, ಏರಿನಲ್ಲಿ ನಿರೂಪಕನೇ ಎರಡು ಮಾತಾಡಿ, ಇಳಿಜಾರಿನಲ್ಲಿ ಪೆಡಲು ನಿಲ್ಲಿಸಿ ಅತಿಥಿಗೆ ಬಿಟ್ಟುಕೊಡುವುದು ಜಾಣತನ. ಬ್ಯಾಟರಿ ಮೋಟಾರು ಕೂಡಿಸಿದರೆ ಈ ಕಷ್ಟ ತಪ್ಪುತ್ತದೆ. ಶಕ್ತಿ 250 ವಾಟ್, ವೇಗ ಗಂಟೆಗೆ 25 ಕಿಲೊಮೀಟರ್ ಮಿತಿಯೊಳಗಿದ್ದರೆ ಅದಕ್ಕೆ ನೋಂದಣಿಯಾಗಲಿ ಲೈಸೆನ್ಸಾಗಲಿ ಬೇಡ.

ಮೂರು ಬಡಾವಣೆಗಳ ರುಚಿ ಮೂರು ಬಗೆ. ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತು, ಆರ್. ಕಲ್ಯಾಣಮ್ಮನವರು 1938ರಲ್ಲಿ ಕಟ್ಟಿದ ಮಕ್ಕಳ ಕೂಟ, 1939ರಿಂದ ರಾಮನವಮಿಯ ಸಂಗೀತೋತ್ಸವ ನಡೆಸುತ್ತಾ ಬಂದ ಮಂಡಳಿಯ ಚಪ್ಪರ ಏಳುವ ಕೋಟೆ ಹೈಸ್ಕೂಲ್ ಮೈದಾನ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಸಂಗೀತಗಾರರನ್ನು, ಬರಹಗಾರರನ್ನು ಕರೆಯಲು ಇದು ತಕ್ಕ ಜಾಗ. ಆದರೆ ಕೆ.ಆರ್. ಮಾರುಕಟ್ಟೆ ಹತ್ತಿರವಿರುವುದರಿಂದ ಗೂಡ್ಸ್ ಆಟೋಗಳ ಓಡಾಟ ಬೆಳಗಿನ ಜಾವಕ್ಕೇ ಶುರು. ಬಸವನಗುಡಿಯಲ್ಲಿ ಗಾಂಧಿಬಜಾರಿನ ಮುಖ್ಯರಸ್ತೆಗೆ ಕಲ್ಲು ಹಾಸಿ ಕಾಲುದಾರಿ ಅಗಲ ಮಾಡಿದ್ದಾರೆ. ನಡೆಯುವವರಿಗೆ ಹಿತವಾದ ಆ ಕಲ್ಲುಹಾಸು ಸೈಕಲ್ಲಿನ ಮೈಕಿಗೆ ವೈರಿ, ಇಡೀ ರಸ್ತೆ ಗಡಗಡ ಎನ್ನುತ್ತದೆ. ಅಲ್ಲಿ ಇಳಿದು ತಳ್ಳಿಕೊಂಡು ಹೋಗುವುದೇ ಮೇಲು. 1943ರ ವಿದ್ಯಾರ್ಥಿ ಭವನದ ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ಚಿತ್ರಕಾರ ಅತಿಥಿಯೊಡನೆ ದೋಸೆಗೆ ಕಾಯುವ ಹೊತ್ತು ವ್ಯರ್ಥವಾಗುವುದಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಯ ದಿನ ಮಾತ್ರ ಈ ಕಡೆ ಸೈಕಲ್ ತರುವುದು ಹುಂಬತನ.

ಮಲ್ಲೇಶ್ವರದ ಗುಟ್ಟು ಅದರ ಹಿಂಬದಿಯ ಗಲ್ಲಿಗಳಲ್ಲಿದೆ. ಅಡ್ಡರಸ್ತೆಗಳ ಮನೆಗಳು ಬೆನ್ನಿಗೆ ಬೆನ್ನು ಕೂಡುವಲ್ಲಿ, ಒಳಚರಂಡಿ ಬರುವ ಮೊದಲು ಮಲ ಹೊರುವವರ ಓಡಾಟಕ್ಕೆಂದೇ ಬಿಟ್ಟಿದ್ದ ಕಿರುದಾರಿಗಳಿವೆ. ಕನ್ಸರ್ವೆನ್ಸಿ ಲೇನ್ ಎಂದೇ ಅವುಗಳ ಹೆಸರು. ಯಾರ ಬೆವರಿನ ಮೇಲೆ ಈ ಸುಂದರ ಬಡಾವಣೆ ನಿಂತಿತ್ತು ಎಂಬುದಕ್ಕೆ ಆ ಗಲ್ಲಿಗಳೇ ಸಾಕ್ಷಿ. ಕಸ, ಕಟ್ಟಡದ ಅವಶೇಷ ತುಂಬಿಕೊಂಡು ಎಷ್ಟೋ ವರ್ಷ ಪಾಳು ಬಿದ್ದಿದ್ದ ಕೆಲವನ್ನು ಇತ್ತೀಚೆಗೆ ಶುಚಿಮಾಡಿ ಗೋಡೆಗಳಿಗೆ ಬಣ್ಣದ ಚಿತ್ರ ಬರೆಯಲಾಗಿದೆ. ಸಂಪಿಗೆ ರಸ್ತೆಯ ಹಾರ್ನು ಅಲ್ಲಿಗೆ ಅರ್ಧ ಮಾತ್ರ ತಲುಪುತ್ತದೆ. ಇಡೀ ಕಂತಿನಲ್ಲಿ ಒಳ್ಳೆಯ ಧ್ವನಿ ಸಿಗುವುದು ಇಂಥ ಕಡೆಯೇ. ಅಲ್ಲಿಂದ ಹೊರಬಿದ್ದು ಏಳು ತಂತಿಯ ಪಿಟೀಲಿನ ಆಕಾರದಲ್ಲಿ 1980ರಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನದ ಕಡೆಗೋ, 1882ರ ಸ್ಯಾಂಕಿ ಕೆರೆಯ ದಿಕ್ಕಿಗೋ ಹೊರಳಬಹುದು.

ಚಿತ್ರ ಸುಮಾರಾಗಿದ್ದರೂ ನೋಡುಗರು ಸಹಿಸುತ್ತಾರೆ, ಧ್ವನಿ ಕೆಟ್ಟರೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಗಂಟೆಗೆ ಹತ್ತು ಹನ್ನೆರಡು ಕಿಲೊಮೀಟರ್ ಎಂದರೆ ಸೆಕೆಂಡಿಗೆ ಮೂರು ಮೀಟರಿನ ಎದುರುಗಾಳಿ. ಬರಿ ಮೈಕಿಗೆ ಅದು ಭರ್ರೋ ಎಂದು ಕೇಳುತ್ತದೆ. ಆದ್ದರಿಂದ ಕಾಲರ್ ಮೈಕಿಗೆ ಮೊದಲು ಸ್ಪಂಜಿನ ಟೋಪಿ, ಅದರ ಮೇಲೆ ತುಪ್ಪಳದ ಹೊದಿಕೆ. ಎದೆಯ ಮಟ್ಟದಲ್ಲಿ ಅಂಗಿಯ ಒಳಮಗ್ಗುಲಿಗೆ ಅಂಟಿಸಿದರೆ ಗಾಳಿ ಇನ್ನೂ ತಪ್ಪುತ್ತದೆ, ಆದರೆ ಗಂಜಿ ಹಾಕಿದ ಹತ್ತಿ ಅಂಗಿಯಾದರೆ ಉಜ್ಜುವ ಸದ್ದು ಶುರುವಾಗುತ್ತದೆ. ಮುಂದಿನವರು ಗಾಳಿಗೆ ತಡೆಯಾಗುವುದರಿಂದ ಅತಿಥಿಯ ಧ್ವನಿ ನಿರೂಪಕನದಕ್ಕಿಂತ ಸ್ವಚ್ಛವಾಗಿ ಬರುತ್ತದೆ; ಸೀಟಿನ ಕ್ರಮದಿಂದ ಸಿಗುವ ಇನ್ನೊಂದು ಲಾಭ ಇದು. ತಂತಿಯಿಲ್ಲದ ಮೈಕುಗಳನ್ನಷ್ಟೇ ನಂಬುವುದು ಅಪಾಯ. ಮನೆಮನೆಯ ವೈಫೈ ಬಳಸುವ ಅಲೆಗಳನ್ನೇ ಅಗ್ಗದ ಮೈಕುಗಳೂ ಬಳಸುವುದರಿಂದ ಧ್ವನಿ ನಡುವೆ ಕಡಿಯುತ್ತದೆ. ಇಬ್ಬರ ಜೇಬಿನಲ್ಲೂ ಒಂದೊಂದು ಪುಟ್ಟ ರೆಕಾರ್ಡರ್ ಇಟ್ಟು, ಹೊರಡುವ ಮೊದಲು ಕ್ಯಾಮೆರಾದ ಎದುರು ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಚಿತ್ರಕ್ಕೆ ಧ್ವನಿ ಹೊಂದಿಸಲು ಆ ಒಂದು ಸದ್ದು ಸಾಕು. 32 ಬಿಟ್ ಫ್ಲೋಟ್ ಬಗೆಯ ರೆಕಾರ್ಡರಾದರೆ ಬಿಎಂಟಿಸಿ ಬಸ್ಸಿನ ಹಾರ್ನು ಕಿವಿಯ ಪಕ್ಕದಲ್ಲೇ ಮೊಳಗಿದರೂ ಮಾತು ಒಡೆಯದೆ ಉಳಿಯುತ್ತದೆ.

ಕ್ಯಾಮೆರಾದ ಕಷ್ಟ ಬೇರೆ ತರಹದ್ದು. ಹ್ಯಾಂಡಲಿಗೆ ನೇರ ಕಟ್ಟಿದರೆ ನಿರೂಪಕನ ಗದ್ದವೇ ಪರದೆಯ ಅರ್ಧ, ಅತಿಥಿ ಅವನ ಕಿವಿಯ ಪಕ್ಕ ಇಣುಕುವ ಹಣೆ. ಅಂಥ ಚಿತ್ರ ನೋಡಿದವರಿಗೆ ಇದು ಯಾರ ಸಂದರ್ಶನ ಎಂಬ ಅನುಮಾನ ಬರುತ್ತದೆ. ಹ್ಯಾಂಡಲಿನಿಂದ ಮುಂದಕ್ಕೆ ಒಂದೂವರೆ ಅಡಿಯ ಕೋಲು ಚಾಚಿ ಬದಿಗೆ ಎತ್ತರಿಸಿ ಒಂದು ಕ್ಯಾಮೆರಾ, ನಿರೂಪಕನ ಸೀಟಿನ ಕಂಬಕ್ಕೆ ಹಿಂದುಮುಖವಾಗಿ ಅತಿಥಿಗೆಂದೇ ಇನ್ನೊಂದು, ಇವೆರಡು ಇದ್ದರೆ ಕೆಲಸ ಸಾಗುತ್ತದೆ. ಸೈಕಲ್ಲು ಪೂರ್ತಿ ಕಾಣುವ ದೃಶ್ಯಕ್ಕೆ ಸ್ಕೂಟರಿನ ಹಿಂಬದಿ ಕೂತವರು ಮುಂದೆ ಸಾಗುತ್ತಾ ತೆಗೆಯಬೇಕು. ಸಾಲುಮರಗಳ ರಸ್ತೆಯಲ್ಲಿ ಬಿಸಿಲು ನೆರಳು ಗಳಿಗೆಗೊಮ್ಮೆ ಬದಲಾಗಿ ಮುಖ ಬೆಳ್ಳಗಾಗುವುದು, ಕಪ್ಪಾಗುವುದು ನಡೆದೇ ಇರುತ್ತದೆ. ಬಿಸಿಲು ಏರುವ ಮುಂಚಿನ ತಿಳಿ ಬೆಳಕಿನಲ್ಲಿ ಆ ಕಾಟವಿಲ್ಲ. ಬೆಂಗಳೂರಿನಲ್ಲಿ ಮೇ ಕೊನೆಗೆ ಆರರ ಒಳಗೇ ಸೂರ್ಯ ಹುಟ್ಟಿದರೆ ಜನವರಿಯಲ್ಲಿ ಆರೂಮುಕ್ಕಾಲಾಗುತ್ತದೆ. ಭಾನುವಾರ ಬೆಳಿಗ್ಗೆಗಿಂತ ಪ್ರಶಸ್ತ ಹೊತ್ತಿಲ್ಲ, ಆದರೆ ಶನಿವಾರ ರಾತ್ರಿ ನಾಟಕವಿದ್ದ ನಟರನ್ನು ಆ ಹೊತ್ತಿಗೆ ಎಬ್ಬಿಸುವುದು ಇನ್ನೊಂದು ನಾಟಕ.

ಅತಿಥಿಗಳು ಸ್ಥಳೀಯ ಕಲಾವಿದರೇ ಆಗಿರುವುದಕ್ಕೆ ಆದರ್ಶದಷ್ಟೇ ವ್ಯವಹಾರವೂ ಕಾರಣ. ದೊಡ್ಡ ತಾರೆಯೊಬ್ಬರನ್ನು ಹಿಂದೆ ಕೂರಿಸಿಕೊಂಡು ಡಿ.ವಿ.ಜಿ. ರಸ್ತೆಗೆ ಇಳಿದರೆ ನೂರು ಗಜಕ್ಕೆ ಜನ ಮುತ್ತಿಕೊಂಡು ಸೈಕಲ್ಲೂ ನಿಲ್ಲುತ್ತದೆ, ಟ್ರಾಫಿಕ್ಕೂ ನಿಲ್ಲುತ್ತದೆ. ಮುಖ ಪರಿಚಯವಿದ್ದೂ ಗುಂಪು ಸೇರದಷ್ಟು ಹೆಸರಿನವರೇ ಸೈಕಲ್ಲಿಗೆ ಸರಿ. ಹೇಳಿಕೊಳ್ಳಲು ವೇದಿಕೆ ಬೇಕಾದವರೂ ಅವರೇ. ನಿರ್ದೇಶಕ ಪವನ್ ಕುಮಾರ್ ‘ಲೂಸಿಯಾ’ ಚಿತ್ರಕ್ಕೆ ನಿರ್ಮಾಪಕರು ಸಿಗದೆ ನೇರವಾಗಿ ಪ್ರೇಕ್ಷಕರನ್ನೇ ಕೇಳಿದಾಗ 27 ದಿನಗಳಲ್ಲಿ 110 ಮಂದಿಯಿಂದ 51 ಲಕ್ಷ ರೂಪಾಯಿ ಬಂತು. ಚಿತ್ರ 2013ರಲ್ಲಿ ತೆರೆಕಂಡಿತು. ಪೂರ್ಣಚಂದ್ರ ತೇಜಸ್ವಿಯವರ ಓದುಗರೇ ಹಣ ಕೂಡಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಬಂತು. ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು; ಅದರ ಅವಧಿ ಹದಿನಾರು ನಿಮಿಷ. ಇಂಥ ಚಿತ್ರಗಳಿಗೆ ಪೋಸ್ಟರು, ಜಾಹೀರಾತಿಗಿಂತ ಮೊದಲು ಬೇಕಾದದ್ದು ಚಿತ್ರ ಮಾಡಿದವರ ದನಿಯನ್ನು ಕೇಳಿಸಿಕೊಳ್ಳುವ ಕೆಲವು ಸಾವಿರ ಜನ. ಟಿ.ವಿ.ಗೆ ಅಷ್ಟು ಜನ ಲೆಕ್ಕಕ್ಕಿಲ್ಲ, ಪತ್ರಿಕೆಯಲ್ಲಿ ಸಿಗುವುದು ಎರಡು ಕಾಲಂ. ‘ಸೈಕಲ್ ಗ್ಯಾಪಲ್ಲಿ ಆಟೋ ನುಗ್ಸಿದ’ ಎಂಬ ಬೆಂಗಳೂರಿನ ಆಡುಮಾತು, ಸಿಕ್ಕ ಸಣ್ಣ ಸಂದಿನಲ್ಲೇ ಕೆಲಸ ಮಾಡಿಕೊಳ್ಳುವವರನ್ನು ಕುರಿತದ್ದು. ಟಿ.ವಿ.ಗೂ ಪತ್ರಿಕೆಗೂ ನಡುವಿನ ಅಂಥ ಸಂದಿನಲ್ಲಿ ಇಲ್ಲಿ ಸೈಕಲ್ಲೇ ನುಗ್ಗಿದೆ.

ಎಲ್ಲರಿಗೂ ಇದು ಹೊಂದುವುದಿಲ್ಲ. ಮೊಣಕಾಲು ನೋವಿನ ಹಿರಿಯ ಗಮಕಿಯನ್ನೋ ಹರಿಕಥೆಯ ದಾಸರನ್ನೋ ಹಿಂದಿನ ಸೀಟಿಗೆ ಹತ್ತಿಸುವುದು ಅವಿವೇಕ. ಅವರ ಮನೆಯ ಜಗಲಿಯ ತನಕ ಸೈಕಲ್ಲಿನಲ್ಲಿ ಹೋಗಿ, ಕಟ್ಟೆಗೆ ಒರಗಿಸಿ, ಅಲ್ಲೇ ಕೂತು ಮಾತಾಡಿದರೂ ಕಾರ್ಯಕ್ರಮದ ಹೆಸರಿಗೆ ಕುಂದಿಲ್ಲ.

ರಸ್ತೆಯ ಜನ ಈ ಕಾರ್ಯಕ್ರಮದ ಟಿಕೆಟ್ಟಿಲ್ಲದ ಪ್ರೇಕ್ಷಕರು. “ಏನ್ ಸಾರ್, ಶೂಟಿಂಗಾ? ಯಾವ್ ಚಾನೆಲ್?” ಎಂಬ ಪ್ರಶ್ನೆ ಪ್ರತಿ ಸಿಗ್ನಲ್ಲಿನಲ್ಲೂ ಬರುತ್ತದೆ. ಹೂವಿನಂಗಡಿಯವರು ಅತಿಥಿಯನ್ನು ಗುರುತು ಹಿಡಿದು “ನಿಮ್ಮ ನಾಟಕ ನೋಡಿದೀನಿ ಕಣಮ್ಮ” ಎಂದರೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಯಾವ ಸ್ಟುಡಿಯೊದಲ್ಲೂ ಸಿಗದು. ಹಾಗೆ ಮಾತಾಡಿದವರ ಮುಖ ತೋರಿಸುವ ಮೊದಲು ಅವರ ಒಪ್ಪಿಗೆ ಕೇಳುವುದು ಮರ್ಯಾದೆ. ಕೈಯಲ್ಲಿ ಹಿಡಿಯುವ ಕ್ಯಾಮೆರಾದೊಡನೆ ಟ್ರಾಫಿಕ್ಕಿನ ಜೊತೆ ಸಾಗುವವರೆಗೆ ಹೆಚ್ಚಿನ ತಕರಾರಿಲ್ಲ. ಸ್ಟ್ಯಾಂಡು ನೆಟ್ಟು ರಸ್ತೆ ತಡೆಯುವುದಾದರೆ ಪೊಲೀಸರ ಅನುಮತಿ ಬೇಕು, ಲಾಲ್‌ಬಾಗಿನ ಒಳಗೆ ಚಿತ್ರೀಕರಿಸಲು ತೋಟಗಾರಿಕೆ ಇಲಾಖೆಯನ್ನು ಕೇಳಬೇಕು. ಸೈಕಲ್ಲಿಗೆಂದೇ ಬಿಟ್ಟ ದಾರಿ ಈ ಬಡಾವಣೆಗಳಲ್ಲಿ ಸಿಗುವುದು ಕಷ್ಟ. ಪಕ್ಕದ ಜಯನಗರದಲ್ಲಿ ಗೆರೆ ಎಳೆದ ಸೈಕಲ್ ಪಥಗಳು ಬಹುಬೇಗ ಕಾರು ನಿಲ್ಲಿಸುವ ಜಾಗಗಳಾದವು. ಹಾಗಾಗಿ ಇಬ್ಬರಿಗೂ ಹೆಲ್ಮೆಟ್, ಹಿಂದೆ ಮಿನುಗುವ ಕೆಂಪು ದೀಪ ಬೇಕೇ ಬೇಕು; ಬಲಕ್ಕೆ ತಿರುಗುವಾಗ ಕೈ ತೋರಿಸುವ ಕೆಲಸ ಅತಿಥಿಯದು.

ಒಂದೂವರೆ ಗಂಟೆಯ ಮಾತನ್ನು ಇಪ್ಪತ್ತು ನಿಮಿಷಕ್ಕೆ ಇಳಿಸುವಾಗ ಕೊನೆಯ ಪೇಚು ಎದುರಾಗುತ್ತದೆ. ಗಾಂಧಿಬಜಾರಿನ ಯಾವುದೋ ಅಂಗಡಿಯ ರೇಡಿಯೊ, ಗಣೇಶನ ಪೆಂಡಾಲಿನ ಲೌಡ್‌ಸ್ಪೀಕರ್, ನವೆಂಬರ್ ತಿಂಗಳಿಡೀ ಮುಗಿಯದ ರಾಜ್ಯೋತ್ಸವದ ಆರ್ಕೆಸ್ಟ್ರಾ, ಇವುಗಳ ಸಿನಿಮಾ ಹಾಡು ಮಾತಿನ ಹಿಂದೆ ಸೇರಿಕೊಂಡಿರುತ್ತದೆ. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಅಪ್‌ಲೋಡ್ ಆದ ಧ್ವನಿಯನ್ನು ಹಕ್ಕುದಾರರು ಕೊಟ್ಟ ಹಾಡುಗಳ ಜೊತೆ ತಾಳೆ ನೋಡುತ್ತದೆ. ಹಿನ್ನೆಲೆಯಲ್ಲಿ ಕೆಲವು ಸೆಕೆಂಡು ಕೇಳಿಸಿದ ಹಾಡಿಗೂ ಅದು ನೋಟಿಸು ಕಳಿಸಬಲ್ಲದು, ಜಾಹೀರಾತಿನ ಹಣವನ್ನು ಹಾಡಿನ ಹಕ್ಕುದಾರರಿಗೆ ತಿರುಗಿಸಬಲ್ಲದು. ಅದಕ್ಕಾಗಿ ಹಾಡು ಕೇಳುವ ಕಡೆ ಮುಖ್ಯವಾದ ಪ್ರಶ್ನೆ ಎತ್ತದಿರುವುದು, ಎತ್ತಿದ್ದರೆ ಮುಂದಿನ ಅಡ್ಡರಸ್ತೆಯಲ್ಲಿ ಅದನ್ನೇ ಇನ್ನೊಮ್ಮೆ ಕೇಳುವುದು ವಾಡಿಕೆ. ಬಸವನಗುಡಿಯ ಕನ್ನಡ, ಕಲಬುರಗಿಯಿಂದ ಬಂದ ನಟನ ಕನ್ನಡ, ಕರಾವಳಿಯ ಚಿತ್ರಕಾರನ ಕನ್ನಡ ಮೂರನ್ನೂ ಯಂತ್ರದ ಸಬ್‌ಟೈಟಲ್ ಒಂದೇ ಅಚ್ಚಿಗೆ ಹಾಕಿ ಕೆಡಿಸುವುದರಿಂದ ಅಕ್ಷರಗಳನ್ನು ಕೈಯಾರೆ ತಿದ್ದಬೇಕು.

ಕತ್ತರಿಸಿ ಬಿಟ್ಟ ಒಂದು ಗಂಟೆ ಹತ್ತು ನಿಮಿಷದ ಚಿತ್ರವನ್ನು ಅಳಿಸಬಾರದು. ತಾರೀಖು, ಅತಿಥಿಯ ಹೆಸರು, ಹೊರಟ ಜಾಗ, ದಾಟಿದ ರಸ್ತೆಗಳನ್ನು ಕಡತದ ಹೆಸರಿನಲ್ಲೇ ಬರೆದು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡುವುದು ರೂಢಿಯಾಗಬೇಕು. ಕಂಬದ ಜಗಲಿ, ಮಂಗಳೂರು ಹೆಂಚು, ಕಾಂಪೌಂಡಿನ ಸಂಪಿಗೆ ಮರವಿದ್ದ ಮನೆಯೊಂದು ಮುಂದಿನ ವರ್ಷ ಅದೇ ದಾರಿಯಲ್ಲಿ ಹೋಗುವಾಗ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಆಗಿರುತ್ತದೆ. ಅದು ನಿಂತಿದ್ದ ಕೊನೆಯ ಚಿತ್ರ ಯಾವುದೋ ಕಿರುಚಿತ್ರ ನಿರ್ದೇಶಕಿಯ ಭುಜದ ಹಿಂದೆ ಎರಡು ಸೆಕೆಂಡು ಹಾದುಹೋಗಿರುತ್ತದೆ.